ನನ್ನ ನಂಬರ್ ತೆಗೆದವರು

ಕಲ್ಯಾಣ ವಿಭಾಗದ ಜವಾಬ್ದಾರಿ ಕೈತಪ್ಪಿದ ಬಗೆಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ. ಮಾಲಕರು ಉಡುಪಿ ಕಡೆಯವರು, ಹೋಟೆಲಿನಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಇಂಟರ್ನೆಟ್ಟಿಗೆ ಬಂದವರು. ಮನೆಮನೆಗೆ ಫೈಬರ್ ಹಂಚುವ ಪೆಟ್ಟಿಗೆಗಳಿಗೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಸಂಸಾರ ನಡೆಸಿದ್ದರು. ದಾರಿಹೋಕರೂ ಒಳಹೊಕ್ಕು ನೋಡಬಹುದಿತ್ತು. ಅದನ್ನೆಲ್ಲ ಸರಿಮಾಡಿದವಳು ನಾನು. ಆಫೀಸಿನ ಕಂಪ್ಯೂಟರುಗಳಿಂದ ಮಾತ್ರ ಒಳಗೆ ಹೋಗುವಂತೆ ಮಾಡಿದೆ, ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟೆ. ಕರೆಂಟ್ ಹೋದರೆ, ಫೈಬರ್ ತುಂಡಾದರೆ, ಪೆಟ್ಟಿಗೆ ಬಿಸಿಯಾದರೆ ನನ್ನ ಫೋನಿಗೂ ನನ್ನ ಮರಾಠಿ ಸಹೋದ್ಯೋಗಿಯ ಫೋನಿಗೂ ಅಲರ್ಟ್ ಬರುವಂತೆ ಹೊಂದಿಸಿದೆ. ಮಾಲಕರು ಖುಷಿಯಾಗಿ, ಇಬ್ಬರಲ್ಲಿ ಅಲರ್ಟಿಗೆ ಚುರುಕಾಗಿ ಓಗೊಡುವವರಿಗೆ ಇಡೀ ಕಲ್ಯಾಣ ವಿಭಾಗ ಎಂದರು. ನನಗದು ಬೇಕಿತ್ತು. ಮುಚ್ಚುಮರೆ ಯಾಕೆ, ತುಂಬಾ ಬೇಕಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ಆ ಸಹೋದ್ಯೋಗಿಯ ಪಾಲಾಯಿತು. "ಇತ್ತೀಚೆಗೆ ಎಲ್ಲದಕ್ಕೂ ಅವನೇ ಮೊದಲು ಓಡ್ತಾನೆ" ಎಂದರು ಮಾಲಕರು. ಓಡದೆ ಏನು? ನನ್ನ ಫೋನು ವಾರಗಳಿಂದ ಬಾಯಿ ಮುಚ್ಚಿ ಕೂತಿತ್ತು. ಮನೆಗೆ ಹೋದ ಮೇಲೆ ಅದು ಸುಮ್ಮನಿದ್ದರೆ ಲೈನು ಸರಿಯಿದೆ ಎಂದೇ ನಾನು ನಂಬಿದ್ದೆ.

ಆ ಮಧ್ಯಾಹ್ನವೇ, ಅನುಮಾನ ಬಂದು, ಪರೀಕ್ಷೆಗೆಂದು ಆಫೀಸಿನ ಪೆಟ್ಟಿಗೆಯೊಂದರ ಎರಡು ಪವರ್ ವಯರುಗಳಲ್ಲಿ ಒಂದನ್ನು ಕಿತ್ತೆ. ಪಕ್ಕದ ಮೇಜಿನಲ್ಲಿ ಅವನ ಫೋನು ಕಿರುಚಿತು.

"ಮಲಾ ಆಲಾ, ತಾಈ. ತುಮ್ಹಾಲಾ ನಾಹೀ ಆಲಾ?"

ತನಗೆ ಬಂತು, ನಿಮಗೆ ಬರಲಿಲ್ವಾ ಅಕ್ಕ ಎಂದು ಕೇಳಿದ. ನನಗೆ ಬರಲಿಲ್ಲ. ಸೆಟ್ಟಿಂಗ್ ತೆರೆದು ನೋಡಿದರೆ ಅಲರ್ಟ್ ಹೋಗಬೇಕಾದ ಜಾಗದಲ್ಲಿ ನನ್ನ ನಂಬರೇ ಇಲ್ಲ. ತೆಗೆದದ್ದು ಮಾಲಕರ ಲಾಗಿನ್ನಿನಿಂದ. ಆ ಲಾಗಿನ್ ಮಾಡಿಕೊಟ್ಟವಳೂ ನಾನೇ!

ಸೀದಾ ಅವರ ಕ್ಯಾಬಿನ್ನಿಗೆ ನುಗ್ಗಿದೆ. ಅವರಿಗೆ ಒಂದಿಷ್ಟೂ ಮುಜುಗರವಿಲ್ಲ.

"ನಿಮ್ಮ ಮಾವ ಕನ್ನಡ ಸಂಘದ ಮೀಟಿಂಗಲ್ಲಿ ಸಿಕ್ಕಿದ್ರು. ಸೊಸೆ ಫೋನು ಹೊತ್ತುಗೊತ್ತಿಲ್ದೆ ಬಡ್ಕೊಳ್ತದೆ, ಅವಳಿಗೆ ನಿದ್ದೆಯೇ ಇಲ್ಲ ಅಂದ್ರು. ತೆಗ್ದುಬಿಟ್ಟೆ. ಹೆಂಗಸ್ರಿಗೆ ಯಾಕೆ ಸುಮ್ನೆ ಕಿರಿಕಿರಿ?"

"ನನ್ನನ್ನು ಒಂದು ಮಾತು ಕೇಳ್ಬಹುದಿತ್ತಲ್ಲ ಸರ್?"

"ಅದ್ರಲ್ಲಿ ಕೇಳ್ಲಿಕ್ಕೆ ಎಂತ ಉಂಟು? ನಮ್ಮವರಲ್ವಾ."

ನಮ್ಮವರಂತೆ! ನಮ್ಮವರಾದರೆ ಹೇಳದೆ ಕೇಳದೆ ಹೆಸರು ಹೊಡೆದುಹಾಕಬಹುದೇ? ಬಾರದ ಮೆಸೇಜಿಗೆ ಓಗೊಡಲಿಲ್ಲವೆಂದು ನನ್ನನ್ನು ಹಿಂದೆ ತಳ್ಳಿ, ಮೇಲಿಂದ ಉಪಕಾರದ ಮಾತು ಬೇರೆ. ಅವರೆದುರಿಗೇ ನಂಬರನ್ನು ಮತ್ತೆ ಸೇರಿಸಿದೆ. ಕಲ್ಯಾಣ ಮಾತ್ರ ವಾಪಸು ಬರಲಿಲ್ಲ. "ಈಗ ಬದಲಿಸಿದ್ರೆ ಅವನಿಗೆ ಬೇಜಾರಾಗ್ತದೆ" ಎಂದರು. ನನ್ನ ಬೇಜಾರು ಯಾರ ಲೆಕ್ಕಕ್ಕೂ ಇರಲಿಲ್ಲ.

ಲೋಕಲ್ ರೈಲಿನಲ್ಲಿ ನಿಂತೇ ಮನೆಗೆ ಬಂದೆ. ಮಾವ ಟೀವಿ ನೋಡುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಹೌದು, ನಾನೇ ಹೇಳಿದ್ದು. ನಿನ್ನ ನಿದ್ದೆ ಹಾಳಾಗ್ತದಲ್ಲ ಮಗಾ" ಎಂದರು. ಆ ದನಿಯಲ್ಲಿ ನಿಜವಾದ ಮಮತೆ ಇತ್ತು, ಅದು ನನ್ನನ್ನು ಇನ್ನಷ್ಟು ಉರಿಸಿತು.

"ಬೆಳಗಿನ ಜಾವ ನಳ್ಳಿಯಲ್ಲಿ ನೀರು ಬಂದಾಗ ದಿನಾ ಯಾರನ್ನು ಎಬ್ಬಿಸ್ತೀರಿ ಮಾವ?"

ಅವರು ಟೀವಿಯ ಸದ್ದು ತಗ್ಗಿಸಿದರು.

ಮರುದಿನ ಬೆಳಕು ಹರಿಯುವ ಮೊದಲೇ ನಳ್ಳಿ ಬುಸುಗುಟ್ಟಿತು. "ನೀರು ಬಂತು ಮಗಾ" ಎಂದು ಮಾವ ಬಾಗಿಲಾಚೆಯಿಂದ ಕರೆದರು. ನನಗೆ ಪೂರ್ತಿ ಎಚ್ಚರವಿತ್ತು, ಏಳಲಿಲ್ಲ. ಇನ್ನೊಮ್ಮೆ ಕರೆದರು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಅವರು ಬಕೆಟ್ ಎಳೆಯುವ ಸದ್ದು ಕೇಳಿಸಿತು.