ಸೀತವ್ವನ ಬಗಲಲ್ಲಿ ಅಯಸ್ಕಾಂತ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಸೀತವ್ವ, ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಜೋಳ ಸುರಿಯುವ ಬಾಯಲ್ಲಿ ಒಂದು ಅಯಸ್ಕಾಂತ ಇಟ್ಟಿದ್ದಾಳೆ. ಅದು ಜೋಳದೊಳಗಿನ ಮೊಳೆ ಹಿಡಿದಾಗೆಲ್ಲ "ಸಿಕ್ಕಿಯಲ್ಲೋ ಕಳ್ಳ!" ಎಂದು ಕೂಗಿ ಓಣಿಯನ್ನೇ ಎಬ್ಬಿಸುತ್ತಾಳೆ. ಇಂಥವಳ ಎಡ ಎದೆಯಲ್ಲಿ ಹೋದ ವರ್ಷ ಕ್ಯಾನ್ಸರ್ ಗಂಟು ಕಾಣಿಸಿತು.

ಗೋಕಾಕದ ಡಾಕ್ಟರ್ ಮೇಘಾ ಬಿಡಿಸಿ ಹೇಳಿದರು: "ಧೂಳಿಗಿಂತ ಸಣ್ಣ ಕಬ್ಬಿಣದ ಕಣ ಎದಿಗೆ ಚುಚ್ಚತೇವ್ರಿ. ಅವು ಬಗಲಾಗಿನ ಮೊದಲನೇ ಗ್ರಂಥಿಗೆ ಹೋಗಿ ಕೂಡತಾವು. ರೋಗ ಹಬ್ಬಿದ್ರೂ ಮೊದಲ ಅಲ್ಲಿಗೇ ಬರತೈತಿ. ಎಲ್ಲಿ ಕುಂತಾವಂತ ಮಷೀನು ಕೂಗಿ ತೋರಸತೈತಿ. ಆ ಗ್ರಂಥಿ ತೆಗದು ನೋಡತೇವಿ. ಅದಕ್ಕ ರೋಗ ಹಬ್ಬಿರಲಿಲ್ಲಂದ್ರ ಉಳಿದವನ್ನ ಮುಟ್ಟೂದಿಲ್ಲ. ಹಬ್ಬಿದ್ರ ಎಲ್ಲಾ ತೆಗೀಬೇಕಾಗಬಹುದು. ಆಗ ಕೈ ಬಾತುಕೊಳ್ಳೂ ಸಂಭವ ಐತಿ."

ವೈನಿ ಎಡಚಿ. ಚೀಲ ಎತ್ತುವುದು, ಹಿಟ್ಟು ಜಾಡಿಸುವುದು, ಅಣ್ಣನನ್ನು ಬೆದರಿಸುವುದು ಎಲ್ಲ ಆ ಕೈಯಿಂದಲೇ. ರೋಗಕ್ಕಿಂತ ಕೈಯ ಚಿಂತೆಯೇ ಅವಳಿಗೆ ಹೆಚ್ಚಾಯಿತು.

ಚುಚ್ಚಿದ ಮರುದಿನ ಬೆಳಿಗ್ಗೆ, ಆಪರೇಷನ್ನಿಗೆ ಮುಂಚೆ, ಡಾಕ್ಟರು ಪೆನ್ನಿನಂಥ ಕಡ್ಡಿಯನ್ನು ಅವಳ ಬಗಲ ಬಳಿ ತಂದರು. ಅಬ್ಬಬ್ಬಾ! ಮಷೀನು ಕೂಗಿದ್ದೇ ಕೂಗಿದ್ದು. ಭುಜದ ಬಳಿ ಹಿಡಿದರೂ ಕೂಗು, ಪಕ್ಕೆಯ ಬಳಿ ಹಿಡಿದರೂ ಕೂಗು!

"ಅಯ್ಯೋ, ಎಲ್ಲಾ ಕಡೆ ಹಬ್ಬೇತೇನ್ರಿ?" ಎಂದು ನಾನು ಗೋಳೋ ಎಂದು ಅತ್ತುಬಿಟ್ಟೆ.

ಡಾಕ್ಟರ ಹುಬ್ಬು ಗಂಟಾಯಿತು. "ಅಕ್ಕಾ, ಸ್ವಲ್ಪ ಕೈ ಎತ್ತರಿ."

ವೈನಿ ಒಲ್ಲೆ ಎಂದಳು. ನರ್ಸು ಹಿಡಿದು ಎತ್ತಿಸಿದಾಗ ಗಿರಣಿಯ ಆ ಅಂಗೈಯಗಲದ ಅಯಸ್ಕಾಂತ ಠಣ್ ಎಂದು ನೆಲಕ್ಕೆ ಬಿತ್ತು!

"ನಿಮ್ಮ ಕಬ್ಬಿಣ ದಾರಿ ತಪ್ಪಬಾರದಲ್ರಿ ಡಾಕ್ಟರ್ ಬಾಯಾರ, ಬಗಲಿಗೆ ಎಳಕೊಳ್ಳಲಿ ಅಂತ ನಿನ್ನೆಯಿಂದ ಅವಚಿ ಹಿಡದೇನಿ."

"ನಿಮಗೇನರ ತಲಿ ಐತೇನ್ರಿ ವೈನಿ?" ಎಂದು ನಾನು ಅಳುತ್ತಲೇ ರೇಗಿದೆ. ಡಾಕ್ಟರು ಗೋಡೆ ಹಿಡಿದು ನಕ್ಕರು. "ಅವು ತಮ್ಮ ದಾರಿ ಹಿಡದು ಹೋಗತಾವ್ರಿ. ನಿಮ್ಮ ಗಿರಣಿ ಮಾತು ಕೇಳೂದಿಲ್ಲ!" ಎಂದು ಮತ್ತೆ ಕಡ್ಡಿ ಹಿಡಿದರು. ಈ ಸಲ ಒಂದೇ ಒಂದು ಜಾಗದಲ್ಲಿ ಕೂಗಿತು. ಅವತ್ತೇ ಗಂಟು ತೆಗೆದು, ಆ ಗ್ರಂಥಿಯನ್ನು ಪರೀಕ್ಷೆಗೆ ಕಳಿಸಿದರು.

ರಿಪೋರ್ಟ್ ಬರಲು ಎಂಟು ದಿನ. ಆ ಎಂಟೂ ದಿನ ವೈನಿ ಯಾರನ್ನೂ ಬೈಯಲಿಲ್ಲ. ನಮಗೆಲ್ಲ ಅದೇ ದೊಡ್ಡ ಹೆದರಿಕೆಯಾಗಿತ್ತು.

"ಬಗಲಿಗೆ ಹಬ್ಬಿಲ್ಲರಿ," ಎಂದರು ಡಾಕ್ಟರು. "ಇನ್ನ ಔಷಧ ಐತಿ, ಆದ್ರ ಬಗಲಿಗೆ ಕತ್ತರಿ ಇಲ್ಲ."

ವೈನಿ ಎದ್ದು ಹೋಗಿ ಡಾಕ್ಟರ ಕೆನ್ನೆ ಸವರಿದಳು. ಎರಡೂ ಕೈ ತನ್ನ ಕಪಾಳಕ್ಕೆ ಒತ್ತಿ ಲಟಿಕೆ ಮುರಿದಳು. ಹತ್ತು ಬೆರಳೂ ಲಟಲಟ ಎಂದವು.