ಅಜ್ಜಿಯ ಸೇರು, ನನ್ನ ಸ್ವರಗಳು

ನನಗೆ ಎಣಿಸುವುದು ಬರುತ್ತದೆ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ದಿನಚರಿಯೇ ಸಾಕ್ಷಿ. ಮತ್ತೋಡಿನಿಂದ ಹೊಸದುರ್ಗಕ್ಕೆ ಹೋಗುವ ಬಸ್ಸು ಎಷ್ಟು ನಿಮಿಷ ತಡ, ಕೋಳಿ ಇಟ್ಟ ಮೊಟ್ಟೆ ಎಷ್ಟು, ಕಾಲೇಜಿನ ಲ್ಯಾಬಿನಲ್ಲಿ ಕರೆಂಟು ಹೋದದ್ದು ಎಷ್ಟು ಸಲ, ಎಲ್ಲಕ್ಕೂ ಅದರಲ್ಲಿ ಒಂದೊಂದು ಕಾಲಂ ಇದೆ. ಏನೂ ಇಲ್ಲದ ದಿನ ಆ ಜಾಗವನ್ನು ಖಾಲಿ ಬಿಡುತ್ತಿದ್ದೆ. ಸೊನ್ನೆ ಹೇಳುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಅಜ್ಜಿ ರಾಗಿ ಅಳೆಯುವಾಗ ಒಂದು ಎಂದು ಕೂಡ ಅನ್ನುವುದಿಲ್ಲ. ಮೊದಲ ಸೇರಿಗೆ ‘ಲಾಭ’ ಎನ್ನುತ್ತಾಳೆ, ಆಮೇಲೆ ಎರಡು, ಮೂರು.

ಆ ಸೋಮವಾರ ನಮ್ಮ ಕಂಪ್ಯೂಟರ್ ಮೇಡಂ ಒಂದು ಕೆಲಸ ಕೊಟ್ಟರು. ಒಂದು ಇಂಗ್ಲಿಷ್ ಪ್ಯಾರಾ ಕೊಟ್ಟರೆ ಅದರಲ್ಲಿ ಎಷ್ಟು ಸ್ವರಗಳಿವೆ ಎಂದು ಹೇಳುವ ಪ್ರೋಗ್ರಾಂ ಬರೆಯಬೇಕು. ಶುಕ್ರವಾರ ಅವರೇ ಬೇರೆ ಪ್ಯಾರಾ ಹಾಕಿ ನೋಡುತ್ತಾರೆ. ಉತ್ತರ ಸರಿ ಬಂದು, ಅದು ಹೇಗೆ ಬಂತು ಎಂದು ವಿವರಿಸಬಲ್ಲವರು ಮತ್ತೋಡಿನ ಪ್ರೌಢಶಾಲೆಯಲ್ಲಿ ಶನಿವಾರದ ಕಂಪ್ಯೂಟರ್ ತರಗತಿ ತೆಗೆದುಕೊಳ್ಳಬಹುದು. ನಾನು ಓದಿದ ಶಾಲೆ ಅದು. ನಾನು ಅಲ್ಲಿದ್ದಾಗ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿಯೇ ಇರುತ್ತಿತ್ತು. ಆ ತರಗತಿ ನನಗೇ ಸಿಗಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಪ್ರೋಗ್ರಾಂ ಕಷ್ಟವೇನಲ್ಲ. ಐದು ಸ್ವರಗಳನ್ನು ದೊಡ್ಡಕ್ಷರ, ಸಣ್ಣಕ್ಷರ ಎರಡರಲ್ಲೂ ಬರೆದಿಟ್ಟೆ. ಲೂಪ್ ಒಂದೊಂದೇ ಅಕ್ಷರವನ್ನು ಎತ್ತಿ ನೋಡುತ್ತದೆ, ಅದು ಸ್ವರವಾಗಿದ್ದರೆ ಲೆಕ್ಕಕ್ಕೆ ಒಂದು ಸೇರಿಸುತ್ತದೆ. ಹನ್ನೊಂದು ಸಾಲಿನಲ್ಲಿ ಮುಗಿಯಿತು. ಪಠ್ಯಪುಸ್ತಕದ ಒಂದು ಪ್ಯಾರಾ ಹಾಕಿದೆ. ಪರದೆಯಲ್ಲಿ ಮೂವತ್ತೊಂಬತ್ತು ಬಂತು. ನಾನು ಪೆನ್ಸಿಲಿನಲ್ಲಿ ಗೀಟು ಹಾಕಿ ಎಣಿಸಿದ್ದು ಮೂವತ್ತೆಂಟು.

ನನ್ನ ಕೈಲೆಕ್ಕ ತಪ್ಪುವುದಿಲ್ಲ. ಆದರೂ ಮೂರು ಸಲ ಎಣಿಸಿದೆ, ಮೂವತ್ತೆಂಟೇ. ಮಂಗಳವಾರ ಬೇರೆ ಪ್ಯಾರಾ: ಕೈಯಲ್ಲಿ ಐವತ್ತೆರಡು, ಪರದೆಯಲ್ಲಿ ಐವತ್ತಮೂರು. ಬುಧವಾರ ಇನ್ನೊಂದು, ಅದರಲ್ಲೂ ಒಂದೇ ಹೆಚ್ಚು. ಪಕ್ಕದ ಕಂಪ್ಯೂಟರಿನಲ್ಲಿ ಕೂರುವ ಗೆಳತಿ ದಿನಚರಿಗೆ ಇಣುಕಿ ನಕ್ಕಳು.

“ಲೇ, ಕೊನೇಲಿ ಒಂದು ಕಳ್ದುಬಿಡು. ಸರಿಯಾಗ್ತೈತೆ.”

“ಯಾಕೆ ಕಳೆದೆ ಅಂತ ಮೇಡಂ ಕೇಳಿದ್ರೆ?”

“ನಮ್ ಕಡೆ ಕೊಸರು ಹಾಕೋದು ರೂಢಿ ಮೇಡಂ, ಅನ್ನು.”

ಕಾರಣ ಗೊತ್ತಿಲ್ಲದೆ ನಾನು ಯಾವ ಅಂಕಿಯನ್ನೂ ತಿದ್ದಿದವಳಲ್ಲ. ಹನ್ನೊಂದು ಸಾಲನ್ನೂ ಕಾಗದಕ್ಕೆ ಬರೆದುಕೊಂಡು ಬಸ್ಸಿನಲ್ಲಿ ಓದಿದೆ. ಮೊದಲ ಸಾಲಿನಲ್ಲಿ, ಲೆಕ್ಕ ಒಂದರಿಂದ ಶುರು ಎಂದು ಬರೆದಿದ್ದೆ. ಅದರ ಮೇಲೆ ಕಣ್ಣು ಎಷ್ಟು ಸಲ ಹಾಯ್ದರೂ ತಪ್ಪು ಎನಿಸಲಿಲ್ಲ. ಎಣಿಕೆ ಮತ್ತೆ ಎಲ್ಲಿಂದ ಶುರುವಾಗಬೇಕು?

ಗುರುವಾರ ಸಂಜೆ ಅತ್ತೆಯ ಮನೆಗೆ ಕಳಿಸಲು ಅಜ್ಜಿ ರಾಗಿ ಅಳೆಯಲು ಕೂತಳು. ಚೀಲದ ಬಾಯಿ ಹಿಡಿಯುವುದು ನನ್ನ ಪಾಲಿನ ಕೆಲಸ. ಮನಸ್ಸು ಇನ್ನೂ ಆ ಕಾಗದದಲ್ಲೇ ಇತ್ತು. ಅಜ್ಜಿ ಸೇರನ್ನು ರಾಶಿಗೆ ಹಾಕುತ್ತಿದ್ದಂತೆಯೇ ನಾನು ‘ಲಾಭ’ ಎಂದುಬಿಟ್ಟೆ. ಅಜ್ಜಿಯ ಕೈ ನಿಂತಿತು.

“ತಡಿಯವ್ವ. ಇನ್ನೂ ಬಿದ್ದಿಲ್ಲ. ಚೀಲಕ್ಕೆ ಬಿದ್ಮೇಲೆ ಲಾಭ ಅನ್ಬೇಕು. ಈಗ್ಲೇ ಅಂದ್ರೆ ನಿಮ್ಮತ್ತೆಗೆ ಒಂದು ಸೇರು ಕಮ್ಮಿ ಹೋಗ್ತೈತೆ.”

“ಹಂಗಾದ್ರೆ ಈಗ ಚೀಲದಾಗೆ ಎಷ್ಟೈತಜ್ಜಿ?”

“ಅದನ್ನ ಬಾಯಲ್ಲಿ ಅನ್ಬಾರ್ದು. ಕಣ್ಣಿಗೆ ಕಾಣಲ್ವಾ?”

ಕಂಡಿತು. ಚೀಲದ ತಳದ ಹೊಲಿಗೆ ಕಾಣುತ್ತಿತ್ತು. ಅಜ್ಜಿ ಬಾಯಿಬಿಟ್ಟು ಹೇಳದಿದ್ದರೂ ಸೊನ್ನೆ ಅಲ್ಲೇ ಇತ್ತು; ಲಾಭ ಬರುವುದು ಮೊದಲ ಸೇರು ಬಿದ್ದ ಮೇಲೆ. ಒಂದು ಅಕ್ಷರವನ್ನೂ ನೋಡುವ ಮೊದಲೇ ನನ್ನ ಪ್ರೋಗ್ರಾಂ ಲಾಭ ಎಂದು ಕೂಗಿಬಿಡುತ್ತಿತ್ತು. ಹನ್ನೆರಡು ಸೇರು ಮುಗಿಯುವವರೆಗೂ ಚೀಲ ಹಿಡಿದುಕೊಂಡೇ ಇದ್ದೆ. ಆಮೇಲೆ ಕಾಗದದಲ್ಲಿ ಒಂದನ್ನು ಹೊಡೆದು ಸೊನ್ನೆ ಬರೆದೆ.

ಶುಕ್ರವಾರ ಮೇಡಂ ತಮ್ಮ ಪ್ಯಾರಾ ಹಾಕಿದರು. ಅವರ ಚೀಟಿಯಲ್ಲಿದ್ದ ಅಂಕಿಯೇ ಪರದೆಯಲ್ಲೂ ಬಂತು. ಅಷ್ಟಕ್ಕೆ ಬಿಡದೆ, ಸ್ವರವೇ ಇಲ್ಲದ ಅಕ್ಷರಗಳ ಸಾಲೊಂದನ್ನು ಟೈಪ್ ಮಾಡಿದರು. ಪರದೆ ಸೊನ್ನೆ ತೋರಿಸಿತು. ನನ್ನ ಗೆಳತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

“ಸೊನ್ನೆಯಿಂದ ಯಾಕೆ ಶುರು ಮಾಡಿದ್ದೀಯ?” ಎಂದು ಮೇಡಂ ಕೇಳಿದರು.

“ಶುರುವಿನಲ್ಲಿ ಇನ್ನೂ ಏನೂ ಬಿದ್ದಿರಲ್ಲ ಮೇಡಂ,” ಎಂದೆ.

ಬಿದ್ದಿರಲ್ಲ ಅಂದರೆ ಏನು ಎಂದು ಅವರು ಕೇಳಿದಾಗ ರಾಗಿ, ಸೇರು, ಚೀಲ ಎಲ್ಲವನ್ನೂ ಹೇಳಬೇಕಾಯಿತು. ಅವರು ಪೂರ್ತಿ ಕೇಳಿಸಿಕೊಂಡು, ಶಾಲೆಯ ಮಕ್ಕಳಿಗೂ ಹೀಗೇ ಹೇಳು ಎಂದು ಶನಿವಾರದ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು.

ಸಂಜೆ ದಿನಚರಿಯಲ್ಲಿ ಹೊಸ ಕಾಲಂ ಎಳೆದೆ: ನಾನು ತೆಗೆದುಕೊಂಡ ತರಗತಿಗಳು. ಅದರ ಮೊದಲ ಸಾಲಿನಲ್ಲಿ ಸೊನ್ನೆ ಬರೆದೆ. ಅಜ್ಜಿ ಪಕ್ಕದಲ್ಲೇ ರಾಗಿ ಕೇರುತ್ತಾ, ಏನು ಬರೆದೆ ಎಂದು ಕೇಳಿದಳು. ನಾಳೆ ಲಾಭ ಆದ ಮೇಲೆ ಹೇಳುತ್ತೇನೆ ಎಂದೆ.