ರಾಘಣ್ಣ ಕೇಳಿದ ವನ್ಸ್ ಮೋರ್

ಧಾರವಾಡದಿಂದ ಪುಣೆಗೆ ಬಂದು ಮರಾಠಿ ನಾಟಕ ಬರೆಯುತ್ತಿದ್ದ ಬಿಂದೂರಾಯನಿಗೆ ವರ್ಷಗಟ್ಟಲೆ ಯಾವ ಕಂಪನಿಯೂ ಸೊಪ್ಪು ಹಾಕಲಿಲ್ಲ. ಅವನಿದ್ದ ಶನಿವಾರ ಪೇಠೆಯ ಹಲವು ಬಿಡಾರಗಳ ವಾಡೆಯಲ್ಲೇ ನರ್ಮದಾ ಇದ್ದಳು. ಬೆಳಗಾವಿ ಕಡೆಯ ಮನೆತನ. ಮದುವೆಯ ಅರ್ಥ ತಿಳಿಯುವ ಮೊದಲೇ ಗಂಡ ಸತ್ತು, ತಲೆ ಬೋಳಿಸಿ ಮೂಲೆಗೆ ಕೂಡಿಸಿದ್ದರು. ಬಾವಿಕಟ್ಟೆಯ ಬಳಿ ಇಬ್ಬರ ಕನ್ನಡದ ಮಾತು ಬೆಳೆದು ಪ್ರೀತಿಯಾಯಿತು.

ಗೊತ್ತಾದ ದಿನವೇ ಅವಳ ಅಣ್ಣ ರಾಘಣ್ಣ ಅವಳನ್ನು ಕೋಣೆಗೆ ದಬ್ಬಿ ಹೊರಗಿನಿಂದ ಚಿಲಕ ಹಾಕಿದ.

"ಅಣ್ಣಾ, ಸತ್ತವ್ರು ಅವರು, ನಾ ಅಲ್ಲ! ಬಾಗಲಾ ತಗೀ!"

ಇಡೀ ವಾಡೆ ಕೇಳಿತು. ಒಬ್ಬ ಮಹಾಶಯನೂ ಹೊರಗೆ ಬರಲಿಲ್ಲ. ಅಂದಿನಿಂದ ಆ ಚಿಲಕ ತೆಗೆಯುತ್ತಿದ್ದದ್ದು ಊಟದ ತಟ್ಟೆ ಒಳಗೆ ಹೋಗುವಾಗ ಮಾತ್ರ.

ಬಿಂದೂರಾಯ ಹಲ್ಲು ಕಚ್ಚಿ ಅದೇ ಕೂಗನ್ನು ಮರಾಠಿ ಹಾಡಾಗಿಸಿ ನಾಟಕ ಬರೆದ. ಈ ಸಲ ಕಂಪನಿ ಒಪ್ಪಿತು. ಗಂಡಸರೇ ಹೆಣ್ಣಾಗುತ್ತಿದ್ದ ಕಾಲ. ಸೀರೆಯುಟ್ಟ ನಟ ಮುಚ್ಚಿದ ಬಾಗಿಲ ಹಿಂದಿನಿಂದ ಅದನ್ನು ಹಾಡಿದ. ಮುಂದಿನ ಸಾಲಿನಲ್ಲಿ ಒಬ್ಬ ಶಾಲಿನಿಂದ ಕಣ್ಣೊರೆಸಿಕೊಳ್ಳುತ್ತ ಎದ್ದು ನಿಂತು, "ವನ್ಸ್ ಮೋರ್!" ಎಂದು ಕೂಗಿದ.

ರಾಘಣ್ಣ!

ಪರದೆಯ ಮರೆಯಲ್ಲಿದ್ದ ಬಿಂದೂರಾಯನ ಮೈ ಉರಿದುಹೋಯಿತು. ತಂಗಿ ಕೂಗಿದರೆ ಮರ್ಯಾದೆಗೇಡು, ಮೀಸೆ ಬೋಳಿಸಿದವನು ಹಾಡಿದರೆ ಕಣ್ಣೀರು! ನಟ ಮತ್ತೆ ಎತ್ತಿಕೊಂಡ ಹಾಡನ್ನು ತಡೆದು ಅವನು ನಡುರಂಗಕ್ಕೆ ನುಗ್ಗಿದ. ಅಷ್ಟು ಮರಾಠಿ ಜನರೆದುರು ಕನ್ನಡದಲ್ಲೇ ಗುಡುಗಿದ:

"ವನ್ಸ್ ಮೋರ್ ಇಲ್ಲಿ ಯಾಕ ಕೇಳ್ತೀರಿ, ರಾಘಣ್ಣಾ? ಮನೀಗೆ ನಡೀರಿ. ನಿಮ್ಮ ತಂಗಿ ಇನ್ನೂ ಕೂಗಲಿಕ್ಕೆ ಹತ್ಯಾಳ!"